ಹಳೆಯ ವಾಹನಗಳ ಹೆಡ್‌ಲೈಟ್ ಮಾರ್ಪಾಡು: ಬಲ್ಬಿಗಿಂತ ಮೊದಲು ಗಮನಿಸಬೇಕಾದ ಸಂಗತಿಗಳು

ಹಳೆಯ ಅಂಬಾಸಿಡರ್, ಜೀಪು ಅಥವಾ ದುಂಡು ದೀಪದ ಲಾರಿಯೊಂದನ್ನು ನವೀಕರಿಸಿಕೊಂಡ ಮಾಲೀಕರು ಬಿಡಿಭಾಗಗಳ ಅಂಗಡಿಗೆ ಬಂದು ಕೇಳುವ ವಸ್ತುಗಳಲ್ಲಿ ಹೆಚ್ಚು ವ್ಯಾಟಿನ ಬಲ್ಬ್ ಒಂದಾಗಿರುತ್ತದೆ. ಬಣ್ಣ ಹೊಸದು, ಆಸನ ಹೊಸದು, ಎಂಜಿನ್ ಸಹ ಬಿಚ್ಚಿ ಜೋಡಿಸಿದ್ದು. ಆದರೆ ರಾತ್ರಿಯ ವೇಳೆ ರಸ್ತೆ ಕಾಣುವುದಿಲ್ಲ. ವರ್ತಕರು 100/90 ವ್ಯಾಟಿನ ಒಂದು ಜೋಡಿಯನ್ನು ಕೊಟ್ಟು ಕಳುಹಿಸುತ್ತಾರೆ. ಕೆಲವು ವಾರಗಳ ನಂತರ ಅದೇ ಗ್ರಾಹಕರು ಕರಗಿದ ಹೋಲ್ಡರ್ ಹಿಡಿದು ಹಿಂದಿರುಗುತ್ತಾರೆ. ಬಲ್ಬ್ ಕಳಪೆಯೆಂದು ಅವರು ದೂರುತ್ತಾರೆ, ವೈರಿಂಗ್ ಸರಿಯಿಲ್ಲವೆಂದು ವರ್ತಕರು ಹೇಳುತ್ತಾರೆ. ಇಂತಹ ವಿವಾದದಲ್ಲಿ ಸಾಮಾನ್ಯವಾಗಿ ವರ್ತಕರ ಮಾತೇ ಸತ್ಯಕ್ಕೆ ಹೆಚ್ಚು ಸಮೀಪವಾಗಿರುತ್ತದೆ. ಆದರೆ ಆ ಮಾತನ್ನು ಮಾರಾಟಕ್ಕೆ ಮೊದಲೇ ಹೇಳಬೇಕಿತ್ತು.

ಹಳೆಯ ವಾಹನದಲ್ಲಿ ಬೆಳಕು ನಷ್ಟವಾಗುವುದು ಬಹುತೇಕ ಬಲ್ಬನ್ನು ತಲುಪುವ ಮೊದಲು, ಇಲ್ಲವೇ ಬಲ್ಬಿನಿಂದ ಹೊರಟ ಮೇಲೆ. ತಂತಿ, ಸ್ವಿಚ್ಚು, ಅರ್ಥಿಂಗ್, ರಿಫ್ಲೆಕ್ಟರ್ ಇವುಗಳನ್ನು ಸರಿಪಡಿಸದೆ ಬಲ್ಬನ್ನು ಬದಲಿಸುವುದು ತೂತುಬಿದ್ದ ಕೊಡಕ್ಕೆ ಹೆಚ್ಚು ನೀರು ಸುರಿದಂತೆ. ಈ ಕ್ಷೇತ್ರದಲ್ಲಿ ವ್ಯವಹರಿಸುವವರು ಬಲ್ಬನ್ನು ಬಿಡಿಯಾಗಿ ಮಾರುವುದಕ್ಕಿಂತ ದೀಪದ ಸಂಪೂರ್ಣ ವ್ಯವಸ್ಥೆಯನ್ನು ಒಂದು ಕಿಟ್ ಆಗಿ ಒದಗಿಸುವುದು ಗ್ರಾಹಕರಿಗೂ ಅಂಗಡಿಗೂ ಹಿತಕರ.

ಏಳು ಇಂಚಿನ ಅನುಕೂಲ

ಅಮೆರಿಕದಲ್ಲಿ 1940ರ ಮಾದರಿಗಳಿಂದ ಏಳು ಇಂಚು, ಅಂದರೆ ಸುಮಾರು 178 ಮಿಲಿಮೀಟರ್ ವ್ಯಾಸದ ಸೀಲ್ಡ್ ಬೀಮ್ ದೀಪ ರೂಢಿಗೆ ಬಂದಿತು. ಗಾಜು, ರಿಫ್ಲೆಕ್ಟರ್ ಮತ್ತು ತಂತು ಮೂರೂ ಒಂದೇ ಮುಚ್ಚಿದ ಘಟಕವಾಗಿದ್ದು, ತಂತು ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕಾಗಿತ್ತು. 1983ರವರೆಗೆ ಆ ದೇಶದಲ್ಲಿ ಬೇರೆ ಬಗೆಗೆ ಅವಕಾಶವಿರಲಿಲ್ಲ. ಇದರ ಫಲವಾಗಿ ಏಳು ಇಂಚಿನ ಅಳತೆಯು ಜಗತ್ತಿನಾದ್ಯಂತ ಹರಡಿತು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಮಹೀಂದ್ರ ಜೀಪು, ಲ್ಯಾಂಡ್ ರೋವರ್, ಮಿನಿ, ಅಷ್ಟೇ ಏಕೆ, ಎನ್‌ಫೀಲ್ಡ್ ಬುಲೆಟ್ ಸಹ ಇದೇ ಅಳತೆಯ ದೀಪವನ್ನು ಹೊತ್ತಿದ್ದವು. ಒಂದೇ ಅಚ್ಚಿನಿಂದ ಇಷ್ಟೊಂದು ಬಗೆಯ ವಾಹನಗಳಿಗೆ ಸಲ್ಲುವ ಬಿಡಿಭಾಗ ಬೇರೆ ಸಿಗುವುದು ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಪೇಟೆಗಳಲ್ಲಿ ಈ ದೀಪದ ಬಿಡಿಭಾಗಗಳಿಗೆ ಬೇಡಿಕೆ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಹತ್ತರ ಕೊರತೆ, ಮೂವತ್ತರ ನಷ್ಟ

ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿನ ಪ್ರಮಾಣಕ್ಕೆ ಸಮನಾಗಿ ಇಳಿಯುವುದಿಲ್ಲ. ಸುಮಾರು ಮೂರೂವರೆ ಘಾತದಷ್ಟು ತೀವ್ರವಾಗಿ ಇಳಿಯುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಕಡಿಮೆಯಾದರೆ ಬೆಳಕು ಶೇಕಡಾ 30ರಷ್ಟು ಕುಂದುತ್ತದೆ. ಶೇಕಡಾ 20ರಷ್ಟು ಕಡಿಮೆಯಾದರೆ ಅರ್ಧಕ್ಕಿಂತಲೂ ಕಡಿಮೆ ಬೆಳಕು ಉಳಿಯುತ್ತದೆ. ಅದರ ಬಣ್ಣ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುವುದನ್ನು ಕಣ್ಣೇ ಗುರುತಿಸಬಲ್ಲದು.

ಒಂದು ಲೆಕ್ಕವನ್ನು ನೋಡಬಹುದು. 55 ವ್ಯಾಟಿನ ಎರಡು ಡಿಪ್ ತಂತುಗಳು 12 ವೋಲ್ಟಿನಲ್ಲಿ ಸುಮಾರು 9.2 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತವೆ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಕಾಲಿನ ಡಿಪ್ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ದೀಪಕ್ಕೆ ಎಂದು ತಂತಿಯ ಓಟ 5 ಮೀಟರ್ ಆದೀತು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಈ ದೂರದಲ್ಲಿಯೇ 0.8 ವೋಲ್ಟ್ ಕಳೆದುಹೋಗುತ್ತದೆ. ಸವೆದ ಸ್ವಿಚ್ಚು, ಹಸಿರು ಕಿಲುಬು ಹಿಡಿದ ಬುಲೆಟ್ ಕನೆಕ್ಟರು, ತುಕ್ಕಿನ ಮೇಲೆ ಬಿಗಿದ ಅರ್ಥಿಂಗ್ ತಿರುಪು ಇವು ಸೇರಿ ಇನ್ನೂ ಅರ್ಧ ವೋಲ್ಟ್ ನುಂಗಿದರೆ ಒಟ್ಟು ನಷ್ಟ 1.3 ವೋಲ್ಟ್. ಎಂಜಿನ್ ಓಡುವಾಗ ವ್ಯವಸ್ಥೆಯಲ್ಲಿ 13.2 ವೋಲ್ಟ್ ಇದೆಯೆಂದುಕೊಂಡರೆ ಇದು ಸರಿಯಾಗಿ ಹತ್ತರಲ್ಲೊಂದು ಭಾಗ. ಅಂದರೆ ಮೂರನೇ ಒಂದಕ್ಕೆ ಸಮೀಪದ ಬೆಳಕು ರಸ್ತೆಯನ್ನು ಕಾಣದೆಯೇ ತಂತಿಯ ಬಿಸಿಯಾಗಿ ಹೋಯಿತು. ಬಣ್ಣ ಬಳಿದು ನವೀಕರಿಸಿದ ವಾಹನಗಳಲ್ಲಿ ಅರ್ಥಿಂಗ್ ಇನ್ನಷ್ಟು ಕೆಡುತ್ತದೆ ಎಂಬುದು ಗಮನಾರ್ಹ: ದಪ್ಪನಾದ ಹೊಸ ಬಣ್ಣವೇ ಲೋಹಗಳ ನಡುವೆ ತಡೆಯಾಗಿ ನಿಲ್ಲುತ್ತದೆ.

ಇದೇ ವೈರಿಂಗಿಗೆ 90 ವ್ಯಾಟಿನ ಡಿಪ್ ಬಲ್ಬ್ ಹಾಕಿದರೆ ವಿದ್ಯುತ್ತು 15 ಆಂಪಿಯರ್‌ಗೆ ಏರುತ್ತದೆ. ಸ್ವಿಚ್ಚಿನ ಸಂಪರ್ಕದಲ್ಲಿ ಹುಟ್ಟುವ ಬಿಸಿ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಎರಡೂವರೆ ಪಟ್ಟಿಗೂ ಮೀರುತ್ತದೆ. ಹೋಲ್ಡರ್ ಕರಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹಳೆಯ ವಾಹನಗಳ ಪೈಕಿ ಹಲವುಗಳಲ್ಲಿ ಹೆಡ್‌ಲೈಟಿನ ಮಾರ್ಗಕ್ಕೆ ಫ್ಯೂಸೇ ಇರುವುದಿಲ್ಲ. ಅಂತಹ ಕಡೆ ಹೋಲ್ಡರ್ ಕರಗುವುದರಲ್ಲಿಗೆ ಮುಗಿಯದೆ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುತ್ತದೆ.

ವಿದ್ಯುತ್ತಿನ ಮೂಲವನ್ನೂ ನೋಡಬೇಕು. ಬ್ರಿಟಿಷ್ ಮೂಲದ ಕಾರುಗಳಲ್ಲಿ ಬಳಕೆಯಲ್ಲಿದ್ದ ಲ್ಯೂಕಾಸ್ ಸಿ40 ಡೈನಮೊದ ಗರಿಷ್ಠ ಸಾಮರ್ಥ್ಯ ಸುಮಾರು 22 ಆಂಪಿಯರ್. 100 ವ್ಯಾಟಿನ ಎರಡು ಹೈಬೀಮ್ ತಂತುಗಳೇ 16.7 ಆಂಪಿಯರ್ ತೆಗೆದುಕೊಂಡರೆ ಇಗ್ನಿಷನ್, ಹಿಂಬದಿಯ ದೀಪ ಮತ್ತು ವೈಪರಿಗೆ ಉಳಿಯುವುದು ಅಲ್ಪ. ಬ್ಯಾಟರಿ ಚಾರ್ಜ್ ಆಗುವುದಂತೂ ದೂರದ ಮಾತು. ಸಿಗ್ನಲ್ಲಿನಲ್ಲಿ ನಿಂತಾಗ ಡೈನಮೊ ಏನನ್ನೂ ಕೊಡುವುದಿಲ್ಲ, ಕಟೌಟ್ ತೆರೆದುಕೊಂಡು ಭಾರವೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ.

ರಿಲೇ ಕಿಟ್

ಪರಿಹಾರ ಸರಳವಾದುದು, ಸಣ್ಣ ತಯಾರಕರ ಕೈಗೆ ಎಟುಕುವಂತಹುದು. ಬ್ಯಾಟರಿಯಿಂದ ದಪ್ಪ ತಂತಿಯ ಮೂಲಕ ದೀಪಕ್ಕೆ ನೇರವಾಗಿ ವಿದ್ಯುತ್ತು ಹರಿಯಬೇಕು. ಹಳೆಯ ಸ್ವಿಚ್ಚು ರಿಲೇಗೆ ಆಜ್ಞೆ ಕೊಡುವ ಕೆಲಸವನ್ನು ಮಾತ್ರ ಮಾಡಬೇಕು. ಡಿಪ್ಪಿಗೊಂದು, ಹೈಬೀಮಿಗೊಂದು ಎಂದು ಎರಡು ರಿಲೇ ಸಾಕು. ರಿಲೇಯ 30ನೇ ತುದಿಗೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86ಕ್ಕೆ ಸ್ವಿಚ್ಚು ಹಾಗೂ ಅರ್ಥಿಂಗ್ ಎಂಬುದು ಆಟೊ ಎಲೆಕ್ಟ್ರಿಷಿಯನ್ನರೆಲ್ಲರಿಗೂ ತಿಳಿದಿರುವ ಕ್ರಮ. ಆಗ ಹಳೆಯ ಸ್ವಿಚ್ಚಿನಲ್ಲಿ ಹರಿಯುವ ವಿದ್ಯುತ್ತು ಒಂದು ಆಂಪಿಯರಿನ ಅಲ್ಪ ಭಾಗವಷ್ಟೇ ಆಗಿ, ಮತ್ತೆ ಸಿಗದ ಮೂಲ ಸ್ವಿಚ್ಚು ಇನ್ನೂ ಹಲವು ವರ್ಷ ಬಾಳುತ್ತದೆ.

ಪೇಟೆಯಲ್ಲಿ ಸಿಗುವ ಅಗ್ಗದ ಕಿಟ್‌ಗಳು ಸೋಲುವುದು ರಿಲೇಯಲ್ಲಲ್ಲ, ತಂತಿಯಲ್ಲಿ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ದಪ್ಪವಾಗಿದ್ದು ಒಳಗಿನ ತಾಮ್ರ ತೆಳ್ಳಗಿರುತ್ತದೆ. ಕೆಲವೊಮ್ಮೆ ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ ಇರುತ್ತದೆ. ಮುಖ್ಯ ಮಾರ್ಗಕ್ಕೂ ಅರ್ಥಿಂಗಿಗೂ 2.5 ಚದರ ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಅಪ್ಪಟ ತಾಮ್ರದ ತಂತಿ, ಬ್ಯಾಟರಿಯ ಗೇಣು ದೂರದೊಳಗೆ ಫ್ಯೂಸ್, ಎಡ ಮತ್ತು ಬಲ ದೀಪಗಳಿಗೆ ಪ್ರತ್ಯೇಕ ಫ್ಯೂಸ್ ಇವಿಷ್ಟೂ ಇದ್ದರೆ ಕಿಟ್ ಒಪ್ಪತಕ್ಕದ್ದು. ಒಂದೇ ಫ್ಯೂಸ್ ಇಟ್ಟು ಉಳಿಸಿದ ಹಣ ರಾತ್ರಿ ಘಾಟಿಯ ತಿರುವಿನಲ್ಲಿ ಎರಡೂ ದೀಪ ಒಮ್ಮೆಲೇ ನಂದಿದಾಗ ಬಹಳ ದುಬಾರಿಯಾದೀತು. 1950 ಮತ್ತು 60ರ ದಶಕಗಳ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಅರ್ಥಿಂಗ್ ಆಗಿರುವುದರಿಂದ, ಒಳಗೆ ಡಯೋಡ್ ಇರುವ ರಿಲೇಯನ್ನು ಅವುಗಳಿಗೆ ಕೊಡುವಾಗ ಎಚ್ಚರ ಬೇಕು.

ರಿಫ್ಲೆಕ್ಟರಿಗೆ ಕ್ರೋಮ್ ಸಲ್ಲದು

ಹಳೆಯ ದೀಪಗಳ ರಿಫ್ಲೆಕ್ಟರ್ ಬಹುಮಟ್ಟಿಗೆ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪಿಸಿದ್ದು. ಬೆಳ್ಳಿ ಕಪ್ಪಾದಾಗ ಮಾಲೀಕರು ಅದನ್ನು ಬಂಪರಿನೊಂದಿಗೆ ಕ್ರೋಮ್ ಲೇಪನಕ್ಕೆ ಕಳುಹಿಸುವುದುಂಟು. ಕಣ್ಣಿಗೆ ಅದು ಥಳಥಳಿಸುತ್ತದೆ, ಆದರೆ ಕ್ರೋಮ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 60ರಿಂದ 65ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಹೊಸ ಬೆಳ್ಳಿಯಲ್ಲಿ ಈ ಪ್ರಮಾಣ ಶೇಕಡಾ 90ಕ್ಕೂ ಹೆಚ್ಚು. ನಿರ್ವಾತದಲ್ಲಿ ಲೇಪಿಸಿದ ಅಲ್ಯೂಮಿನಿಯಮ್ಮಿನಲ್ಲಿ 85ರಿಂದ 90. ವೈರಿಂಗ್ ಸರಿಪಡಿಸಿ ಗಳಿಸಿದ ಬೆಳಕನ್ನೆಲ್ಲ ಕ್ರೋಮ್ ಮತ್ತೆ ಕಸಿದುಕೊಳ್ಳುತ್ತದೆ.

ಬೆಳ್ಳಿ ಉತ್ತಮವಾದರೂ ಗಾಳಿಯಲ್ಲಿನ ಗಂಧಕದಿಂದ ಮತ್ತೆ ಕಪ್ಪಾಗುತ್ತದೆ, ತಿಕ್ಕಿದರೆ ಸವೆಯುತ್ತದೆ. ಪ್ರದರ್ಶನದ ವಾಹನಕ್ಕೆ ಬೆಳ್ಳಿ, ಓಡಿಸುವ ವಾಹನಕ್ಕೆ ರಕ್ಷಕ ವಾರ್ನಿಷ್ ಇರುವ ಅಲ್ಯೂಮಿನಿಯಮ್ ಎಂದು ವಿಂಗಡಿಸಿಕೊಳ್ಳುವುದು ವ್ಯಾವಹಾರಿಕ. ಇದಕ್ಕಾಗಿ ನಿರ್ವಾತ ಲೇಪನದ ಯಂತ್ರವನ್ನು ಕೊಳ್ಳುವುದು ಲಾಭದಾಯಕವಾಗಲಾರದು. ಪ್ಲಾಸ್ಟಿಕ್ ಭಾಗಗಳಿಗೆ ಲೋಹಲೇಪನ ಮಾಡುವ ಘಟಕಗಳಿಗೆ ಜಾಬ್‌ವರ್ಕ್ ಕೊಟ್ಟು, ತಗ್ಗು ತೆಗೆಯುವ ಮತ್ತು ಪಾಲಿಶ್ ಮಾಡುವ ಕೆಲಸವನ್ನು ತಮ್ಮಲ್ಲಿ ಇಟ್ಟುಕೊಳ್ಳಬಹುದು. ನಿಜವಾದ ಕುಶಲತೆ ಇರುವುದೂ ಆ ಪೂರ್ವಸಿದ್ಧತೆಯಲ್ಲಿಯೇ.

ಬಲ್ಬಿನ ಆಯ್ಕೆ

ಮೇಲಿನವು ಸರಿಯಾದ ನಂತರ ಬಲ್ಬಿನ ಸರದಿ. ಹಿಂದಿನ ಸಾಮಾನ್ಯ ಬಲ್ಬ್ 45/40 ವ್ಯಾಟಿನದು, ಪಿ45ಟಿ ಎಂಬ ಬುಡವುಳ್ಳದ್ದು. 1971ರಲ್ಲಿ ಬಂದ ಎಚ್‌4 ಹ್ಯಾಲೊಜೆನ್ ಬಲ್ಬ್ 60/55 ವ್ಯಾಟಿನದಾಗಿದ್ದು ಅದರ ಬುಡ ಪಿ43ಟಿ. ಒಂದು ಮತ್ತೊಂದರಲ್ಲಿ ಕೂರುವುದಿಲ್ಲ. ಎಚ್‌4ಗಾಗಿಯೇ ತಯಾರಾದ ಏಳು ಇಂಚಿನ ರಿಫ್ಲೆಕ್ಟರ್ ಮತ್ತು ಗಾಜು, ಅಂದರೆ ಪೇಟೆಯ ಮಾತಿನ ‘ಡೂಮ್’, ಹಳೆಯ ರಿಮ್ಮಿನೊಳಗೆ ಸಲೀಸಾಗಿ ಕೂರುತ್ತದೆ. ವಾಹನದ ಲೋಹವನ್ನು ಕತ್ತರಿಸುವ ಅಗತ್ಯವಿಲ್ಲ. ಸರಿಯಾದ ವೋಲ್ಟೇಜು ಸಿಕ್ಕ 60/55 ವ್ಯಾಟಿನ ಎಚ್‌4 ಬಹುತೇಕ ಗ್ರಾಹಕರನ್ನು ತೃಪ್ತಿಪಡಿಸುತ್ತದೆ. 100/90ರ ಅವಶ್ಯಕತೆ ಇದೆಯೆಂದು ಅನ್ನಿಸುವುದು ತಂತಿ ಕೆಟ್ಟಿರುವವರೆಗೆ ಮಾತ್ರ.

ಎಚ್‌4 ಬಲ್ಬನ್ನು ಹಿಡಿದು ನೋಡಿದರೆ ಡಿಪ್ ತಂತುವಿನ ಕೆಳಗೆ ಪುಟ್ಟ ಲೋಹದ ದೊನ್ನೆಯೊಂದು ಕಾಣುತ್ತದೆ. ಬೆಳಕು ಕೆಳಕ್ಕೆ ಹೋಗದಂತೆ ಅದು ತಡೆಯುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು ಅಲ್ಲಿಂದ ರಸ್ತೆಯ ಕಡೆಗೆ ಬಾಗುತ್ತದೆ. ನಮ್ಮ ರಸ್ತೆಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ಪದ್ಧತಿ ಬಹುಕಾಲ ನಡೆದುಬಂದಿತು. ಎದುರಿನವರ ಕಣ್ಣು ಕುಕ್ಕದಿರಲೆಂಬುದು ಉದ್ದೇಶ. ಎಚ್‌4 ದೀಪದಲ್ಲಿ ಇದರಿಂದ ಆಗುವುದು ತದ್ವಿರುದ್ಧ: ಡಿಪ್ಪಿನ ಬೆಳಕು ಹೊರಡುವ ಭಾಗವೇ ಮುಚ್ಚಿಹೋಗುತ್ತದೆ, ಹೈಬೀಮಿನ ಬೆಳಕು ಕೆಳಗಿನ ಅರ್ಧದಿಂದ ಎಂದಿನಂತೆ ಹೊರಬರುತ್ತದೆ. ಡಿಪ್ಪಿನಲ್ಲಿ ರಸ್ತೆ ಕಾಣದ ಚಾಲಕ ಹೈಬೀಮಿನಲ್ಲಿಯೇ ಓಡಿಸುತ್ತಾನೆ.

ಎಲ್‌ಇಡಿ ಬಲ್ಬಿನ ತೊಡಕು ಅರ್ಥವಾಗುವುದೂ ಇದೇ ದೊನ್ನೆಯಿಂದ. ರಿಫ್ಲೆಕ್ಟರನ್ನು ರೂಪಿಸಿರುವುದು ನಿರ್ದಿಷ್ಟ ಜಾಗದಲ್ಲಿರುವ, ಕೂದಲೆಳೆಯಂತಹ ತಂತುವಿಗಾಗಿ. ಅದರ ಜಾಗದಲ್ಲಿ ತಟ್ಟೆಯ ಎರಡು ಬದಿಗೆ ಅಂಟಿಸಿದ ಎಲ್‌ಇಡಿ ಚಿಪ್ಪುಗಳು ಬಂದರೆ ಬೆಳಕು ಹೆಚ್ಚಿದರೂ ಅದರ ಹಂಚಿಕೆ ಕೆಡಬಹುದು. ವಾಹನದ ಮುಂದೆ ಹತ್ತು ಮೀಟರು ಹಾಲು ಚೆಲ್ಲಿದಂತೆ, ಆಚೆ ಕತ್ತಲೆ, ಎದುರಿನವರ ಕಣ್ಣಿಗೆ ಮಾತ್ರ ನೇರ ಏಟು. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ದೊರೆತಿದೆಯಾದರೂ ಅದು ಪರೀಕ್ಷಿಸಲ್ಪಟ್ಟ ನಿರ್ದಿಷ್ಟ ವಾಹನ ಮಾದರಿಗಳಿಗೆ ಮಾತ್ರ ಸೀಮಿತ. ಎಲ್‌ಇಡಿಗಾಗಿಯೇ ಮಸೂರ ಸಹಿತ ರೂಪಿಸಿದ ಏಳು ಇಂಚಿನ ಪೂರ್ಣ ಘಟಕದ ವಿಷಯ ಬೇರೆ. ಅದು ಚೆನ್ನಾಗಿ ಬೆಳಗಬಲ್ಲದು, ಡೈನಮೊಗೂ ಹಗುರ. ಆದರೆ 1950ರ ಕಾರಿನ ಮುಖಕ್ಕೆ ಅದು ಒಪ್ಪುವುದೇ ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು.

ಎಡ, ಬಲ

ಆಮದು ಮಾಡಿದ ಗಾಜುಗಳ ವಿಷಯದಲ್ಲಿ ವರ್ತಕರು ಮೋಸಹೋಗುವುದು ಇಲ್ಲಿ. ಡಿಪ್ ಬೆಳಕಿನ ಮೇಲ್ಗೆರೆ ಒಂದು ಬದಿಗೆ ಏರಿರುತ್ತದೆ, ರಸ್ತೆಯಂಚಿನ ಪಾದಚಾರಿಯೂ ಮೈಲುಗಲ್ಲೂ ಕಾಣಲೆಂದು. ಭಾರತದಲ್ಲಿ ಈ ಏರಿಕೆ ಎಡಕ್ಕಿರಬೇಕು. ಅಮೆರಿಕ ಮತ್ತು ಯುರೋಪಿನ ಮುಖ್ಯ ಭೂಭಾಗದ ಗಾಜುಗಳಲ್ಲಿ ಅದು ಬಲಕ್ಕಿರುತ್ತದೆ; ಇಲ್ಲಿ ಅಳವಡಿಸಿದರೆ ಬೆಳಕು ಎದುರಿನ ಚಾಲಕನ ಕಣ್ಣಿಗೇ ಏರುತ್ತದೆ. ಎಷ್ಟೇ ತಿರುಪು ತಿರುಗಿಸಿದರೂ ಇದು ಸರಿಹೋಗುವುದಿಲ್ಲ.

ಗುರುತಿಸುವ ಬಗೆ ಸುಲಭ. ಯುರೋಪಿನ ಮಾನದಂಡದ ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ದೀಪಕ್ಕೆ ಎದುರಾಗಿ ನಿಂತವರ ಬಲಕ್ಕೆ ಮುಖ ಮಾಡಿದ ಬಾಣದ ಗುರುತಿದ್ದರೆ ಅದು ಎಡಬದಿ ಸಂಚಾರದ್ದು; ಎರಡು ತುದಿಯ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು; ಬಾಣವೇ ಇಲ್ಲದಿದ್ದರೆ ಬಲಬದಿ ಸಂಚಾರದ್ದು. ‘ಎಚ್‌ಸಿಆರ್’ ಎಂಬ ಅಕ್ಷರಗಳು ಹ್ಯಾಲೊಜೆನ್ ಡಿಪ್ ಮತ್ತು ಹೈಬೀಮ್ ಎರಡನ್ನೂ ಸೂಚಿಸುತ್ತವೆ. ಸರಕು ಇಳಿಸಿಕೊಳ್ಳುವ ಮುನ್ನ ಒಂದು ಪೆಟ್ಟಿಗೆ ತೆರೆದು ನೋಡಿದರೆ ಸಾಕು.

ಆರು ವೋಲ್ಟು, ಇಪ್ಪತ್ತನಾಲ್ಕು ವೋಲ್ಟು

ಯುದ್ಧಕಾಲದ ವಿಲ್ಲೀಸ್ ಜೀಪು, ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಮುಂತಾದವು 6 ವೋಲ್ಟಿನವು. ಅದೇ ವ್ಯಾಟಿಗೆ ಇಲ್ಲಿ ವಿದ್ಯುತ್ತು ಇಮ್ಮಡಿ, ಶೇಕಡಾವಾರು ವೋಲ್ಟೇಜು ನಷ್ಟ ನಾಲ್ಮಡಿ. ಆದ್ದರಿಂದ ಅರ್ಥಿಂಗ್ ಮತ್ತು ಸಂಪರ್ಕಗಳ ಶುಚಿತ್ವ ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯ. 6 ವೋಲ್ಟಿನ ಹ್ಯಾಲೊಜೆನ್ ಬಲ್ಬುಗಳೂ ದೊರೆಯುವುದರಿಂದ 12 ವೋಲ್ಟಿಗೆ ಪರಿವರ್ತಿಸುವುದು ಅನಿವಾರ್ಯವಲ್ಲ. ಪರಿವರ್ತಿಸುವುದಾದರೆ ಡೈನಮೊ, ರೆಗ್ಯುಲೇಟರ್, ಕಾಯಿಲ್, ಹಾರ್ನ್, ವೈಪರ್, ಮೀಟರುಗಳು ಎಲ್ಲವನ್ನೂ ಬದಲಿಸಬೇಕಾದೀತು. ಉಳಿಯುವುದು ದಪ್ಪನಾದ ಹಳೆಯ ತಂತಿಯೊಂದೇ, ಅದೂ ಸುಸ್ಥಿತಿಯಲ್ಲಿದ್ದರೆ.

ಇನ್ನೂ ಹಿಂದಿನ ವಾಹನಗಳಿಗೆ ಬೇರೆಯೇ ದೃಷ್ಟಿ ಬೇಕು. ಫೋರ್ಡ್ ಮಾಡೆಲ್ ಟಿ ಕಾರಿಗೆ 1915ರಲ್ಲಿ ವಿದ್ಯುತ್ ಹೆಡ್‌ಲೈಟ್ ಬಂದಾಗ ಅದು ಬೆಳಗುತ್ತಿದ್ದುದು ಎಂಜಿನ್ನಿನ ಮ್ಯಾಗ್ನೆಟೊದಿಂದ. ಎಂಜಿನ್ ನಿಧಾನವಾದರೆ ದೀಪ ಮಂಕು, ವೇಗವಾದರೆ ಪ್ರಖರ. ಅದಕ್ಕೂ ಮೊದಲಿನವು ಕಾರ್ಬೈಡ್ ಅನಿಲದ ದೀಪಗಳು. ಇಂತಹವುಗಳಲ್ಲಿ ಬರ್ನರಿನ ಜಾಗಕ್ಕೆ ಕಳಚಬಹುದಾದ ಪುಟ್ಟ ಹೋಲ್ಡರ್ ಕೂರಿಸುವುದಕ್ಕಿಂತ ಮುಂದೆ ಹೋಗಬಾರದು. ಹಿತ್ತಾಳೆಗೆ ತೂತು ಕೊರೆದ ದಿನವೇ ಅದರ ಬೆಲೆ ಇಳಿಯುತ್ತದೆ.

ಲಾರಿಗಳಲ್ಲಿ 24 ವೋಲ್ಟಿನ ವ್ಯವಸ್ಥೆಯಿದ್ದರೆ 75/70 ವ್ಯಾಟಿನ ಎಚ್‌4 ದೊರೆಯುತ್ತದೆ. ಆದರೂ 12 ವೋಲ್ಟಿನ ಅಲಂಕಾರದ ದೀಪಗಳನ್ನು ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ ಎಳೆದುಕೊಳ್ಳುವುದು ಗ್ಯಾರೇಜುಗಳಲ್ಲಿ ಕಾಣುವ ಕೆಟ್ಟ ಅಭ್ಯಾಸ. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಎರಡೂ ಬೇಗನೆ ಹಾಳಾಗುತ್ತವೆ.

ಕಾನೂನಿನ ಮಿತಿ

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈಯಲ್ಲಿ ಆದ ತಿದ್ದುಪಡಿಯಂತೆ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಹತ್ವದ ಮಾರ್ಪಾಡು ಇರಬಾರದೆಂಬುದು ಷರತ್ತು. ಗ್ರಿಲ್ ಅಥವಾ ಮಡ್‌ಗಾರ್ಡನ್ನು ಕತ್ತರಿಸಿ ಚೌಕ ದೀಪ ಕೂರಿಸಿದ ವಾಹನಕ್ಕೆ ಇಲ್ಲಿ ತೊಂದರೆ ಎದುರಾದೀತು. ರಿಮ್ಮಿನೊಳಗೆ ಕೂರುವ ಡೂಮಿಗೆ ಅಂತಹ ಭಯ ಕಡಿಮೆ. 1990ರ ಅಂಬಾಸಿಡರ್ ಎಷ್ಟೇ ಚೆಂದವಾಗಿದ್ದರೂ ಈ ವರ್ಗಕ್ಕೆ ಸೇರದು, ಅದಕ್ಕೆ ಸಾಮಾನ್ಯ ನಿಯಮಗಳೇ ಅನ್ವಯ.

2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮು ವರ್ತಕರಿಗೂ ನೇರವಾಗಿ ಸಂಬಂಧಿಸಿದ್ದು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ. ಸುರಕ್ಷತೆಗೆ ನಿರ್ಣಾಯಕವೆಂದು ಸರ್ಕಾರ ಅಧಿಸೂಚಿಸಿದ ಭಾಗವು ನಿಯಮಕ್ಕೆ ಅನುಗುಣವಾಗಿಲ್ಲದಿದ್ದರೆ ಅದನ್ನು ಮಾರಿದವರಿಗೆ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಎರಡೂ. ‘ರಸ್ತೆಯ ಬಳಕೆಗಲ್ಲ’ ಎಂದು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿದ ಸರಕನ್ನು ರಸ್ತೆಯಲ್ಲಿ ಓಡುವ ವಾಹನಕ್ಕೆಂದು ತಿಳಿದೂ ಮಾರುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮಾರಾಟದ ಮೇಜಿನಲ್ಲಿ

ಬಿಲ್ಲು ಬರೆಯುವಾಗ ಒಂದೇ ಕಪಾಟಿನ ಸರಕುಗಳು ಬೇರೆ ಬೇರೆ ಶೀರ್ಷಿಕೆಗೆ ಸೇರುತ್ತವೆಂಬುದನ್ನು ಮರೆಯಬಾರದು. ಸೀಲ್ಡ್ ಬೀಮ್ ಘಟಕ ಮತ್ತು ಹ್ಯಾಲೊಜೆನ್ ಬಲ್ಬ್ 8539ರ ಅಡಿಯಲ್ಲಿ, ಬಲ್ಬನ್ನು ಬೇರೆಯಾಗಿ ತೊಡಿಸುವ ಹೆಡ್‌ಲೈಟ್ 8512ರ ಅಡಿಯಲ್ಲಿ, ವಾಹನದ ವೈರಿಂಗ್ ಹಾರ್ನೆಸ್ 8544ರ ಅಡಿಯಲ್ಲಿ ಬರುತ್ತವೆ. ಕಿಟ್ ರೂಪದಲ್ಲಿ ಮಾರುವವರು ಇದನ್ನು ತಮ್ಮ ತೆರಿಗೆ ಸಲಹೆಗಾರರೊಂದಿಗೆ ಮೊದಲೇ ನಿಷ್ಕರ್ಷಿಸಿಕೊಳ್ಳಬೇಕು.

ಕಿಟ್‌ನೊಳಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಇರಲಿ. ವೈರಿಂಗಿನ ಚಿತ್ರ, ಹ್ಯಾಲೊಜೆನ್ ಗಾಜನ್ನು ಬರಿಗೈಯಿಂದ ಮುಟ್ಟಬಾರದೆಂಬ ಸೂಚನೆ, ಗೋಡೆಯ ಪರೀಕ್ಷೆ ಇವು ಅದರಲ್ಲಿ ಸೇರಬೇಕು. ಗೋಡೆಯ ಪರೀಕ್ಷೆಗೆ ಬೇಕಾದುದು ಸಮತಟ್ಟಾದ ನೆಲ ಮತ್ತು ಸೀಮೆಸುಣ್ಣ ಮಾತ್ರ. ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ವಾಹನವನ್ನು 10 ಮೀಟರ್ ಹಿಂದಕ್ಕೆ ನಿಲ್ಲಿಸಿದಾಗ ಡಿಪ್ ಬೆಳಕಿನ ಮೇಲ್ಗೆರೆ ಆ ಗುರುತಿಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು. ದೀಪ ಎತ್ತರದಲ್ಲಿರುವ ಲಾರಿಗಳಿಗೆ ಇನ್ನೂ ಸ್ವಲ್ಪ ಕೆಳಗೆ. ಹಿಂದಿನ ಆಸನದಲ್ಲಿ ಇಬ್ಬರನ್ನು ಕೂರಿಸಿ ನೋಡುವುದು ಸೂಕ್ತ, ಏಕೆಂದರೆ ಹಳೆಯ ಸ್ಪ್ರಿಂಗ್ ಪಟ್ಟಿಗಳು ಭಾರಕ್ಕೆ ಕುಸಿದು ಮೂತಿ ಮೇಲೇರುತ್ತದೆ.

ಬಿಚ್ಚಿ ತೆಗೆದ ಹಳೆಯ ದೀಪವನ್ನು ಗುಜರಿಗೆ ಹಾಕದೆ ಗ್ರಾಹಕರಿಗೆ ಪೆಟ್ಟಿಗೆಯಲ್ಲಿಟ್ಟು ಹಿಂದಿರುಗಿಸಬೇಕು. ಗಾಜಿನ ಹಿಂದೆ ಮೂರು ಕಾಲಿನ ಲೋಹದ ಚೌಕಟ್ಟು ಕಾಣುವ ಲ್ಯೂಕಾಸ್ ಪಿ700 ದೀಪದಂತಹವುಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಕಾರನ್ನು ಮುಂದೆ ಮಾರುವಾಗ ಆ ಪೆಟ್ಟಿಗೆ ಜೊತೆಯಲ್ಲಿದ್ದರೆ ಕೊಳ್ಳುವವರು ಮೊದಲು ತೆರೆದು ನೋಡುವುದು ಅದನ್ನೇ.